ವಿಕಲಚೇತನ ಮಗುವಿರುವ ಮನೆಗೆ ಸಿಗುವ ನೆರವು

ಹತ್ತಿ ಬಿಡಿಸುವ ದಿನಗಳಲ್ಲಿ ಮನೆಯ ಎಲ್ಲ ಕೈಗಳೂ ಹೊಲಕ್ಕೆ ಬೇಕು. ಆದರೆ ನಮ್ಮ ಯಾದಗಿರಿ, ಶಹಾಪುರ, ಸುರಪುರ ಭಾಗದ ಹಳ್ಳಿಗಳಲ್ಲಿ ಕೆಲವು ಮನೆಗಳ ತಾಯಂದಿರು ಆ ದಿನಗಳಲ್ಲಿಯೂ ಹೊಸ್ತಿಲು ದಾಟಲಾರರು. ಎದ್ದು ಕೂಡಲಾರದ, ಮಾತು ಬಾರದ, ಇಲ್ಲವೆ ಪದೇ ಪದೇ ಮೂರ್ಛೆ ಬೀಳುವ ಮಗುವೊಂದು ಆ ಮನೆಯಲ್ಲಿ ಇರುತ್ತದೆ. ಅದನ್ನು ಬಿಟ್ಟು ಹೋಗುವಂತಿಲ್ಲ. ಬಿಸಿಲಿಗೆ ಎತ್ತಿಕೊಂಡು ಹೋಗುವಂತೆಯೂ ಇಲ್ಲ. ಒಂದು ಆಳಿನ ಕೂಲಿ ವರ್ಷವಿಡೀ ತಪ್ಪುತ್ತದೆ. ಮೇಲೆ ಔಷಧದ ಖರ್ಚು, ಬಂಧುಗಳ ಮಾತು.

ಇಂಥ ಮನೆಗಳಿಗೆ ಈಗ ಹಲವು ಬಗೆಯ ನೆರವು ಉಂಟು. ಆದರೆ ಅದು ಒಂದೇ ಕಡೆ ಸಿಗುವುದಿಲ್ಲ. ಪ್ರಮಾಣಪತ್ರ ಕೊಡುವವರು ಆಸ್ಪತ್ರೆಯವರು, ಮಾಸಾಶನ ಮಂಜೂರು ಮಾಡುವವರು ಕಂದಾಯ ಇಲಾಖೆಯವರು, ಪಾಠ ಹೇಳುವವರು ಶಿಕ್ಷಣ ಇಲಾಖೆಯವರು. ಒಂದು ದಿನದ ಕೂಲಿ ಬಿಟ್ಟು ಒಂದು ಕಚೇರಿಗೆ ಹೋದವನಿಗೆ "ಇಲ್ಲಿ ಅಲ್ಲ, ಅಲ್ಲಿ" ಎಂಬ ಉತ್ತರ ಎರಡು ಸಾರಿ ಸಿಕ್ಕರೆ ಮೂರನೆಯ ಸಾರಿ ಅವನು ಹೋಗುವುದಿಲ್ಲ. ಆದುದರಿಂದ ಮೊದಲು ಯಾರನ್ನು ಕಾಣಬೇಕೆಂಬುದನ್ನು ತಿಳಿದಿರುವುದು ಅವಶ್ಯ.

ಮೊದಲು ಕಾಣಬೇಕಾದವರು ತಮ್ಮ ಗ್ರಾಮ ಪಂಚಾಯತಿಯಲ್ಲಿಯೇ ಇದ್ದಾರೆ. ಅವರಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂದು ಹೆಸರು, ಜನ ವಿ.ಆರ್.ಡಬ್ಲ್ಯು. ಎನ್ನುತ್ತಾರೆ. ಇವರು ಸ್ವತಃ ವಿಕಲಚೇತನರು. ಅರ್ಜಿ ತುಂಬಿಸುವುದು, ಶಿಬಿರದ ದಿನ ತಿಳಿಸುವುದು, ಯಾವ ಕಚೇರಿಗೆ ಯಾವ ಕಾಗದ ಬೇಕೆಂದು ಹೇಳುವುದು ಇವರ ಕೆಲಸ. ಇವರ ಮೇಲೆ ತಾಲೂಕು ಪಂಚಾಯತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಜಿಲ್ಲೆಯ ಮಟ್ಟದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ ಯಾದಗಿರಿಯಲ್ಲಿದೆ. ತಮ್ಮ ಪಂಚಾಯತಿಯ ಕಾರ್ಯಕರ್ತರ ಹೆಸರು ತಮಗೆ ಗೊತ್ತಿಲ್ಲದಿದ್ದರೆ ಇವತ್ತೇ ವಿಚಾರಿಸಿರಿ. ಗೌಡರ ಹೆಸರು, ಶಾಸಕರ ಹೆಸರು ಎಲ್ಲರಿಗೂ ಬಾಯಿಪಾಠ ಇರುತ್ತದೆ. ಇವರ ಹೆಸರು ಬೇಕಾದ ಮನೆಗೇ ಗೊತ್ತಿರುವುದಿಲ್ಲ.

ಬೇಗ ಗುರುತಿಸುವುದು

ಬಿತ್ತನೆಗೆ ಹದ ಎಂಬುದು ಎಷ್ಟು ಮುಖ್ಯವೆಂದು ರೈತರಿಗೆ ಹೇಳಬೇಕಾಗಿಲ್ಲ. ಮಗುವಿನ ಬೆಳವಣಿಗೆಗೂ ಹದವುಂಟು, ಮತ್ತು ಅದು ಮೊದಲ ಮೂರು ವರ್ಷಗಳಲ್ಲಿಯೇ ಬಹುಪಾಲು ಕಳೆದುಹೋಗುತ್ತದೆ. ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಹತ್ತು ತಿಂಗಳಾದರೂ ಕೂಡದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಎರಡು ವರ್ಷವಾದರೂ ಎರಡು ಮಾತು ಕೂಡಿಸಿ ಆಡದಿದ್ದರೆ, ತಟ್ಟೆ ಬಿದ್ದ ಸಪ್ಪಳಕ್ಕೆ ತಿರುಗಿ ನೋಡದಿದ್ದರೆ ತಡಮಾಡದೆ ಆಶಾ ಕಾರ್ಯಕರ್ತೆಗೆ ಇಲ್ಲವೆ ಅಂಗನವಾಡಿ ಕಾರ್ಯಕರ್ತೆಗೆ ಹೇಳಿರಿ. "ಅವನ ಅಪ್ಪನೂ ತಡವಾಗಿ ನಡೆದಿದ್ದ" ಎಂಬ ಅಜ್ಜಿಯ ಸಮಾಧಾನದ ಮಾತಿನಲ್ಲಿ ವರ್ಷಗಳು ಹೋಗಿಬಿಡುತ್ತವೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಾರಿ ಅಂಗನವಾಡಿಗೂ ಒಂದು ಸಾರಿ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಆ ದಿನ ಮಗುವನ್ನು ತಪ್ಪದೆ ಕರೆದುಕೊಂಡು ಹೋಗಿರಿ. ಮನೆಯಲ್ಲಿ ಮುಚ್ಚಿಟ್ಟ ಮಗು ತಂಡದ ಕಣ್ಣಿಗೆ ಬೀಳುವುದಿಲ್ಲ. ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಗಿದ ಕೂಸಿಗೆ ಮೊದಲ ವಾರಗಳಿಂದಲೇ ವಾರಕ್ಕೊಮ್ಮೆ ಪ್ಲಾಸ್ಟರ್ ಹಾಕುತ್ತ ಬಂದರೆ ಹೆಚ್ಚಿನ ಮಕ್ಕಳು ಎಲ್ಲರಂತೆ ನಡೆಯುತ್ತಾರೆ. ಅದೇ ಪಾದಕ್ಕೆ ಹತ್ತು ವರ್ಷವಾದ ಮೇಲೆ ದೊಡ್ಡ ಶಸ್ತ್ರಕ್ರಿಯೆ ಬೇಕಾಗುತ್ತದೆ. ಸೀಳುತುಟಿಗೆ ಹೊಲಿಗೆ, ಕಿವುಡು ಮಗುವಿಗೆ ಶ್ರವಣಯಂತ್ರ, ಇವೂ ಹೀಗೆಯೇ.

ಕಾರಣದ ವಿಷಯವಾಗಿ ಒಂದು ಮಾತು. ಹೆರಿಗೆಯಲ್ಲಿ ಬಹಳ ತಡವಾಗಿ ಕೂಸು ಕೂಡಲೆ ಅಳದಿದ್ದರೆ, ದಿನ ತುಂಬುವ ಮೊದಲೇ ಹುಟ್ಟಿದರೆ, ಹುಟ್ಟಿದ ವಾರದಲ್ಲಿ ಕಾಮಾಲೆ ವಿಪರೀತ ಏರಿದರೆ, ಮಿದುಳುಜ್ವರ ಬಂದರೆ ಮಿದುಳಿಗೆ ಪೆಟ್ಟಾಗಬಹುದು. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲಿಯೇ ಮದುವೆ ಮಾಡುತ್ತ ಬಂದರೆ ಕೆಲವು ವಂಶದ ದೋಷಗಳು ಮಕ್ಕಳಲ್ಲಿ ಕಾಣುವ ಸಂಭವ ಹೆಚ್ಚು. ಆದರೆ ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಳು, ಸೊಸೆಯ ಕಾಲ್ಗುಣ ಸರಿಯಿಲ್ಲ ಎಂಬ ಮಾತುಗಳಿಗೆ ಯಾವ ಆಧಾರವೂ ಇಲ್ಲ. ತಿಂಥಣಿಗೋ ಮೈಲಾಪುರಕ್ಕೋ ಹರಕೆ ಹೊರುವುದನ್ನು ಬೇಡವೆನ್ನಲಾರೆವು. ಹರಕೆ ತೀರಿಸಿ ಬರುವ ದಾರಿಯಲ್ಲಿ ಆಸ್ಪತ್ರೆಯನ್ನೂ ಹೊಕ್ಕು ಬರಬೇಕು ಅಷ್ಟೆ.

ಪ್ರಮಾಣಪತ್ರ ಮತ್ತು ಗುರುತಿನ ಕಾರ್ಡು

ಮುಂದಿನ ಹೆಚ್ಚಿನ ಸೌಲಭ್ಯಗಳಿಗೆಲ್ಲ ಬೀಗದ ಕೈ ಇದೇ. 1995ರ ಕಾಯಿದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಎಣಿಸಿದ್ದರು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಗಳಿವೆ. ಮಿದುಳಿನ ಪಾರ್ಶ್ವವಾಯು, ಆಟಿಸಂ, ಸ್ನಾಯು ಕ್ಷಯ, ಕುಡಗೋಲು ಕಣದ ರಕ್ತರೋಗ ಇವೂ ಸೇರಿವೆ. ಆದುದರಿಂದ ಹಿಂದೆ ಒಮ್ಮೆ "ನಿಮಗೆ ಬರುವುದಿಲ್ಲ" ಎನಿಸಿಕೊಂಡವರು ಮತ್ತೊಮ್ಮೆ ಕೇಳತಕ್ಕದ್ದು.

ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಬೇಕು. ಮಗುವಿನ ಆಧಾರ್, ಭಾವಚಿತ್ರ, ವಾಸಸ್ಥಳದ ದಾಖಲೆ ಬೇಕು. ಆಸ್ಪತ್ರೆಯ ಹಳೆಯ ಚೀಟಿಗಳಿದ್ದರೆ ಒಂದನ್ನೂ ಬಿಡದೆ ಒಯ್ಯಿರಿ. ನಂತರ ವೈದ್ಯರು ಪರೀಕ್ಷಿಸಿ ಶೇಕಡಾವಾರು ನಿರ್ಧರಿಸುತ್ತಾರೆ. ಈಗಿನ ಯು.ಡಿ.ಐ.ಡಿ. ಕಾರ್ಡಿನಲ್ಲಿ ಬಣ್ಣದ ಪಟ್ಟಿ ಇರುತ್ತದೆ: ಶೇಕಡಾ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 79ಕ್ಕೆ ಹಳದಿ, 80 ಮತ್ತು ಮೇಲಿನದಕ್ಕೆ ನೀಲಿ. ಹೆಚ್ಚಿನ ಸೌಲಭ್ಯಗಳಿಗೆ ಶೇಕಡಾ 40 ಇರಬೇಕು. 2009ರ ಡಿಸೆಂಬರ್ 30ರಂದು ಯಾದಗಿರಿ ಬೇರೆ ಜಿಲ್ಲೆಯಾಗುವವರೆಗೆ ಜಿಲ್ಲಾ ಆಸ್ಪತ್ರೆ ಎಂದರೆ ಕಲಬುರಗಿಯೇ ಆಗಿತ್ತು. ಈಗ ಆ ದೂರ ತಪ್ಪಿದೆ; 2022ರಿಂದ ಯಾದಗಿರಿಯಲ್ಲಿ ವೈದ್ಯಕೀಯ ಕಾಲೇಜೂ ನಡೆಯುತ್ತಿದೆ. ಆದರೂ ಕಿವಿಯ ವೈದ್ಯರು ಯಾವ ದಿನ, ಮೂಳೆಯ ವೈದ್ಯರು ಯಾವ ದಿನ ಎಂದು ಮೊದಲೇ ಕೇಳಿ ತಿಳಿದು ಹೊರಡಿರಿ.

ಚಿಕ್ಕ ಮಕ್ಕಳಿಗೆ ಅನೇಕ ವೇಳೆ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಮೇಲೆ ಮುಗಿಯುವ ದಿನಾಂಕ ಇರುತ್ತದೆ. ನಾನು ಕಂಡ ಒಂದು ಮನೆಯಲ್ಲಿ ಮಗುವಿನ ಮಾಸಾಶನ ಏಕಾಏಕಿ ನಿಂತಿತ್ತು. ಯಾರೋ ಹಣ ನುಂಗಿದರೆಂದು ತಂದೆ ಊರಲ್ಲೆಲ್ಲ ಜಗಳವಾಡಿದ್ದ. ಟ್ರಂಕಿನಿಂದ ಕಾಗದ ತೆಗೆಸಿ ನೋಡಿದರೆ ಅವಧಿ ಮುಗಿದು ಹಲವು ತಿಂಗಳಾಗಿತ್ತು. ಅದನ್ನು ಮನೆಯಲ್ಲಿ ಓದಬಲ್ಲವರು ಯಾರೂ ಇರಲಿಲ್ಲ. ಕೊಟ್ಟವರೂ ಬಾಯಿಬಿಟ್ಟು ಹೇಳಿರಲಿಲ್ಲ. ಆ ದಿನಾಂಕವನ್ನು ಶಾಲೆಗೆ ಹೋಗುವ ಹುಡುಗರಿಂದ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿಸಿಡಿರಿ.

ಕಾರ್ಡು ಬಂದ ಮೇಲೆ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು; ಆದಾಯದ ಮಿತಿ ಉಂಟು, ಶೇಕಡಾ 75ಕ್ಕೆ ಮೇಲ್ಪಟ್ಟವರಿಗೆ ಮೊತ್ತ ಹೆಚ್ಚು. ಆಟಿಸಂ, ಮಿದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ 'ನಿರಾಮಯ' ಎಂಬ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಬರುತ್ತದೆ, ಹಳೆಯ ಕಾಯಿಲೆ ಎಂದು ತಳ್ಳಿಹಾಕುವುದಿಲ್ಲ, ಅಂಗಸಾಧನೆಯ ಖರ್ಚಿಗೂ ಒಂದು ಪಾಲುಂಟು. ಗಾಲಿಕುರ್ಚಿ, ಕ್ಯಾಲಿಪರ್, ಶ್ರವಣಯಂತ್ರಗಳು ಕೇಂದ್ರ ಸರ್ಕಾರದ ಎಡಿಪ್ ಯೋಜನೆಯ ಶಿಬಿರಗಳಲ್ಲಿ ಸಿಗುತ್ತವೆ. ದೊಡ್ಡವರಿಗೆ ಒಮ್ಮೆ ಕೊಟ್ಟರೆ ಮೂರು ವರ್ಷ ಮತ್ತೆ ಕೊಡುವುದಿಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷದ ನಂತರ ಮತ್ತೆ ಕೇಳಬಹುದು. ಬೆಳೆಯುವ ಕಾಲಿಗೆ ಹಳೆಯ ಕ್ಯಾಲಿಪರ್ ಕಟ್ಟಿದರೆ ಹುಣ್ಣಾಗುತ್ತದೆ. ಬಸ್ಸಿನ ರಿಯಾಯಿತಿ ಪಾಸು ಮಗುವಿಗೆ ಸಿಗುತ್ತದೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿಲ್ಲವಾದುದರಿಂದ ತಾಯಿಗೂ ಯಾದಗಿರಿಯವರೆಗೆ ಖರ್ಚು ಬೀಳದು.

ಶಾಲೆಯ ವಿಚಾರ

6ರಿಂದ 18 ವರ್ಷದವರೆಗೆ ಶೇಕಡಾ 40 ಮತ್ತು ಹೆಚ್ಚಿನ ವೈಕಲ್ಯವಿರುವ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ಊರ ಸರ್ಕಾರಿ ಶಾಲೆಯವರು ಸೇರಿಸಿಕೊಳ್ಳುವುದಿಲ್ಲ ಎನ್ನುವಂತಿಲ್ಲ. ಶಾಲೆಗೆ ಬರಲಾಗದಷ್ಟು ತೊಂದರೆ ಇದ್ದರೆ ಮಗುವಿನ ಹೆಸರನ್ನು ಶಾಲೆಯಲ್ಲಿಯೇ ದಾಖಲಿಸಿ ಮನೆಯಲ್ಲಿ ಪಾಠ ಹೇಳುವ ಗೃಹಾಧಾರಿತ ಶಿಕ್ಷಣ ಉಂಟು. ಇದಕ್ಕಾಗಿ ತಾಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಶಿಕ್ಷಕರಿದ್ದಾರೆ. ಪ್ರತಿ ವರ್ಷ ಅಲ್ಲಿ ವೈದ್ಯಕೀಯ ತಪಾಸಣೆಯ ಶಿಬಿರವೂ ನಡೆಯುತ್ತದೆ. ಹೆಸರು ದಾಖಲಾಗದ ಮಗುವಿಗೆ ಇದಾವುದೂ ಬರುವುದಿಲ್ಲ.

ಮನೆಯಲ್ಲಿ ಮಾಡುವ ಕೆಲಸ

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವ ಅವಶ್ಯಕತೆ ಇದೆ. ಮಿದುಳಿಗೆ ಆದ ಪೆಟ್ಟನ್ನು ಯಾವ ಮಾತ್ರೆಯೂ ವಾಸಿಮಾಡದು. ಆದರೆ ಆ ಪೆಟ್ಟು ತಾನಾಗಿ ಹೆಚ್ಚುವುದೂ ಇಲ್ಲ. ಹೆಚ್ಚುವುದು ಕೈಕಾಲುಗಳ ಬಿಗಿತ. ಮಲಗಿದಲ್ಲಿಯೇ ಬಿಟ್ಟ ಮಗುವಿನ ಮೊಣಕಾಲು, ಸೊಂಟ ವರ್ಷದಿಂದ ವರ್ಷಕ್ಕೆ ಸೆಟೆದು ಕೊನೆಗೆ ಬಟ್ಟೆ ಹಾಕುವುದೂ ಕಷ್ಟವಾಗುತ್ತದೆ. ಆಸ್ಪತ್ರೆಯ ಫಿಸಿಯೋಥೆರಪಿಸ್ಟರು ತಿಂಗಳಿಗೊಮ್ಮೆ ಮಾಡಿಸುವ ಅಂಗಸಾಧನೆಯಿಂದ ಅಷ್ಟು ಫಲವಿಲ್ಲ. ಅವರು ತೋರಿಸಿಕೊಟ್ಟದ್ದನ್ನು ದಿನಾಲು ಎರಡು ಹೊತ್ತು ಮನೆಯವರು ಮಾಡಿಸಬೇಕು. ಜಗ್ಗಿ ಎಳೆಯಬಾರದು, ಮೆಲ್ಲಗೆ, ನೋವಾಗದಂತೆ. ತಂದೆ, ಅಜ್ಜ, ಅಕ್ಕ ಎಲ್ಲರೂ ಕಲಿಯಲಿ. ಹೆಚ್ಚಿನ ಮನೆಗಳಲ್ಲಿ ತಾಯಿಯೊಬ್ಬಳಿಗೇ ಅದು ಗೊತ್ತಿರುತ್ತದೆ, ಅವಳು ಜ್ವರ ಬಂದು ಮಲಗಿದರೆ ಮಗುವಿನ ಅಭ್ಯಾಸವೂ ಮಲಗುತ್ತದೆ.

ಕೂಡಲಾರದ ಮಗುವನ್ನು ಗೋಡೆಯ ಮೂಲೆಯಲ್ಲಿ, ಎರಡೂ ಪಕ್ಕಕ್ಕೆ ಸುತ್ತಿದ ಚೀಲಗಳನ್ನಿಟ್ಟು ಕೂಡಿಸಬಹುದು. ಊರ ಬಡಿಗೇರರಿಗೆ ಅಳತೆ ಕೊಟ್ಟರೆ ಮುಂದೆ ಹಲಗೆ ಇರುವ ಸಣ್ಣ ಕುರ್ಚಿ ಮಾಡಿಕೊಡುತ್ತಾರೆ. ಹೆಜ್ಜೆ ಇಡಲು ಕಲಿಯುವ ಮಗುವಿಗೆ ಅಂಗಳದಲ್ಲಿ ಎರಡು ಬಿದಿರಿನ ಗಳಗಳನ್ನು ಅದರ ಸೊಂಟದ ಎತ್ತರಕ್ಕೆ ಉದ್ದಕ್ಕೆ ಕಟ್ಟಿರಿ. ಊಟ ಮಾಡಿಸುವಾಗ ಎಂದೂ ಅಂಗಾತ ಮಲಗಿಸಿ ಗಂಜಿ ಹೊಯ್ಯಬಾರದು. ಅದು ಶ್ವಾಸನಾಳಕ್ಕೆ ಇಳಿದು ಕಫಜ್ವರ ಬರುತ್ತದೆ, ಇಂಥ ಮಕ್ಕಳು ಸಾಯುವುದು ಅನೇಕ ಸಲ ಇದರಿಂದಲೇ. ನೆಟ್ಟಗೆ ಕೂಡಿಸಿ, ತಲೆ ತುಸು ಮುಂದಕ್ಕೆ ಬಾಗಿಸಿ, ಸ್ವಲ್ಪ ಸ್ವಲ್ಪವೇ ಕೊಡಿರಿ. ಪೂರ್ತಿ ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿರಿ.

ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚೆ ತುರುಕುವುದು ಬೇಡ. ಒಂದು ಮಗ್ಗುಲಿಗೆ ಹೊರಳಿಸಿ, ಸುತ್ತಲಿನ ಕಲ್ಲು ಕಟ್ಟಿಗೆ ಸರಿಸಿ, ಕಾದು ನೋಡಿರಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಮಾತ್ರೆ ಶುರುವಾದ ಮೇಲೆ, ಮೂರು ತಿಂಗಳು ಮೂರ್ಛೆ ಬಂದಿಲ್ಲವೆಂದು ತಾವೇ ನಿಲ್ಲಿಸಬಾರದು.

ಓಣಿಯವರ ಪಾಲು

ಕಳೆ ತೆಗೆಯಲು, ರಾಶಿ ಮಾಡಲು ಮುಯ್ಯಾಳಿನ ಪದ್ಧತಿ ನಮ್ಮಲ್ಲಿ ಹಳೆಯದು. ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಈ ಮುಯ್ಯಿ ಮಗುವಿನ ಆರೈಕೆಗೂ ನಡೆಯುತ್ತದೆ. ಒಂದು ಊರಿನಲ್ಲಿ ಇಂಥ ಮೂರು ನಾಲ್ಕು ಮನೆಗಳಿದ್ದರೆ ಸುಗ್ಗಿಯ ದಿನಗಳಲ್ಲಿ ಒಬ್ಬ ತಾಯಿ ಎಲ್ಲ ಮಕ್ಕಳನ್ನು ನೋಡಿಕೊಂಡು ಉಳಿದವರು ಕೂಲಿಗೆ ಹೋಗಬಹುದು. ಮಹಿಳಾ ಸ್ವಸಹಾಯ ಸಂಘದವರು ಮುಂದಾದರೆ ಇದು ಸುಲಭ. ಕೂಲಿಯ ಜೊತೆಗೆ ಇನ್ನೊಂದು ಲಾಭವೂ ಇದೆ: ತನ್ನಂತೆಯೇ ದಿನ ಕಳೆಯುವ ಮತ್ತೊಬ್ಬಳೊಡನೆ ಮಾತಾಡಿದ ತಾಯಿ ಬೇರೆಯೇ ಮುಖದಿಂದ ಮನೆಗೆ ಬರುತ್ತಾಳೆ.

ಗ್ರಾಮ ಪಂಚಾಯತಿಯು ತನ್ನ ನಿಧಿಯಲ್ಲಿ ಶೇಕಡಾ 5ನ್ನು ವಿಕಲಚೇತನರಿಗಾಗಿ ತೆಗೆದಿಡಬೇಕೆಂದು ನಿಯಮವಿದೆ. ಆ ಹಣ ಯಾತಕ್ಕೆ ಖರ್ಚಾಯಿತೆಂದು ಗ್ರಾಮಸಭೆಯಲ್ಲಿ ಕೇಳುವ ಅಧಿಕಾರ ತಮ್ಮೆಲ್ಲರಿಗೂ ಇದೆ. ಒಬ್ಬ ತಂದೆ ಎದ್ದು ಕೇಳಿದರೆ "ಆಯಿತು, ನೋಡೋಣ" ಎನ್ನುತ್ತಾರೆ. ಹತ್ತು ಜನ ಕೂಡಿ, ಶಾಲೆಗೆ ಇಳಿಜಾರು, ಇಂಥ ಮನೆಗೆ ಕೂತು ಬಳಸುವ ಪಾಯಿಖಾನೆ, ಇಂಥ ಮಗುವಿಗೆ ಕುರ್ಚಿ ಎಂದು ಬರೆದುಕೊಟ್ಟು ಠರಾವು ಬರೆಯಿಸಿದರೆ ಕೆಲಸ ಆಗುತ್ತದೆ.

ಇನ್ನು ಗುಳೆ ಹೋಗುವವರಿಗೆ ಒಂದು ಸೂಚನೆ. ಬೆಂಗಳೂರು, ಪುಣೆ, ಮುಂಬಯಿಗೆ ದುಡಿಯಲು ಹೊರಟಾಗ ಮಗುವನ್ನು ಕಣ್ಣು ಕಾಣದ ಅಜ್ಜಿಯ ಬಳಿ ಬಿಟ್ಟು ಹೋಗುವ ಮನೆಗಳಿವೆ. ಬಿಡಲೇಬೇಕಾದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಆಶಾ ಕಾರ್ಯಕರ್ತೆಗೂ ಹೇಳಿ ಹೋಗಿರಿ. ಮಾತ್ರೆ ತಂದುಕೊಡುವವರು ಯಾರೆಂದು ಗೊತ್ತುಮಾಡಿರಿ. ಅಂಗಸಾಧನೆಯನ್ನು ಅಜ್ಜಿಯಿಂದ ಒಮ್ಮೆ ಮಾಡಿಸಿ ನೋಡಿ ಹೊರಡಿರಿ. ಜೊತೆಗೆ ಕರೆದೊಯ್ಯುವುದಾದರೆ ಯು.ಡಿ.ಐ.ಡಿ. ಕಾರ್ಡು ದೇಶದ ಎಲ್ಲ ಕಡೆಯೂ ನಡೆಯುತ್ತದೆ. ಅದನ್ನೂ ಆಸ್ಪತ್ರೆಯ ಚೀಟಿಗಳನ್ನೂ ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಿರಿ, ಒಂದೊಂದು ನಕಲನ್ನು ಊರಲ್ಲಿ ನಂಬಿಕೆಯವರ ಬಳಿ ಇಟ್ಟು ಹೋಗಿರಿ.