ಕುರ್ಚಿ ಬಿಟ್ಟ ಮೇಲೆ ಕಡತ ಯಾರದು?

ಅಮೆರಿಕದ ಟೆಕ್ಸಸ್ ರಾಜ್ಯದ ರಾಜಧಾನಿ ಆಸ್ಟಿನ್. ಅಲ್ಲಿನ ಶಾಸನಸಭೆಯ ಗುಮ್ಮಟದ ಮಗ್ಗುಲಿಗೇ ಲೊರೆಂಜೊ ಡಿ ಸವಾಲಾ ಹೆಸರಿನ ಕಟ್ಟಡವಿದೆ. ರಾಜ್ಯ ಪತ್ರಾಗಾರ ಇರುವುದು ಅದರಲ್ಲಿ. 1836ರಲ್ಲಿ ಅಲಾಮೊ ಕೋಟೆಯೊಳಗೆ ಸಿಕ್ಕಿಬಿದ್ದ ವಿಲಿಯಂ ಟ್ರಾವಿಸ್ ನೆರವು ಕೋರಿ ಬರೆದ ಪತ್ರ ಇಲ್ಲಿನ ಹೆಸರುವಾಸಿ ಆಸ್ತಿ. ಆದರೆ ಆಡಳಿತದ ಒಳಮನೆ ನೋಡಬೇಕೆನ್ನುವವರು ಕೇಳಬೇಕಾದದ್ದು ಗವರ್ನರುಗಳ ಕಡತಗಳನ್ನು.

ಅಲ್ಲಿನ ಗವರ್ನರನ್ನು ನಮ್ಮ ರಾಜಭವನದ ಲೆಕ್ಕದಲ್ಲಿ ನೋಡಬಾರದು. ಜನರೇ ಆರಿಸಿ ಕಳಿಸುವ, ನಮ್ಮ ಮುಖ್ಯಮಂತ್ರಿಯ ಹಾಗೆ ಆಡಳಿತ ನಡೆಸುವ ಹುದ್ದೆ ಅದು. ಹಾಗಾಗಿ ಅವಧಿ ಮುಗಿದಾಗ ಕಚೇರಿಯಿಂದ ಹೊರಬೀಳುವ ಕಾಗದವೂ ರಾಶಿ ರಾಶಿ. ಪತ್ರಾಗಾರದವರು ಅದರ ತುಕ್ಕು ಹಿಡಿಯುವ ಪಿನ್ನು, ಕ್ಲಿಪ್ಪುಗಳನ್ನು ಕಿತ್ತು, ಆಮ್ಲವಿಲ್ಲದ ರಟ್ಟಿನ ಫೋಲ್ಡರುಗಳಿಗೆ ಸೇರಿಸಿ, ಪೆಟ್ಟಿಗೆವಾರು ಪಟ್ಟಿ ಮಾಡುತ್ತಾರೆ. ಕಚೇರಿಯಲ್ಲಿದ್ದ ಅನುಕ್ರಮವನ್ನು ಮಾತ್ರ ಕೆಡಿಸುವುದಿಲ್ಲ. ಹೊಸದಾಗಿ ವಿಷಯವಾರು ಜೋಡಿಸಿದರೆ ಹುಡುಕುವವರಿಗೆ ಸಲೀಸು, ನಿಜ. ಆದರೆ ಯಾರ ಮೇಜಿನಿಂದ ಯಾರ ಮೇಜಿಗೆ ಯಾವ ಕಾಗದ ಹೋಯಿತೆಂಬ ಜಾಡೇ ಅಳಿಸಿಹೋಗುತ್ತದೆ.

ಭಾಷಣ, ಫೋಟೊ, ಉದ್ಘಾಟನೆಯ ಕಾಗದಗಳು ಯಾವ ನಾಯಕನನ್ನಾದರೂ ದೊಡ್ಡವನನ್ನಾಗಿಯೇ ತೋರಿಸುತ್ತವೆ. ನನ್ನ ಮಟ್ಟಿಗೆ ಕ್ಷಮಾದಾನದ ಕಡತವೇ ನಂಬಿಕಸ್ತ ಸಾಕ್ಷಿ. 1925ರಲ್ಲಿ ಟೆಕ್ಸಸ್‌ನ ಮೊದಲ ಮಹಿಳಾ ಗವರ್ನರ್ ಆದ ಮಿರಿಯಂ ಫರ್ಗುಸನ್ ಮೊದಲ ಅವಧಿಯಲ್ಲಿ ತಿಂಗಳಿಗೆ ಸರಾಸರಿ ನೂರು ಮಂದಿಗೆ ಕ್ಷಮಾದಾನ ಕೊಟ್ಟರು. ದುಡ್ಡು ಕೈಬದಲಾಯಿಸಿದೆ ಎಂಬ ಗುಸುಗುಸು ಊರೆಲ್ಲ ಹಬ್ಬಿತ್ತು. ಕೊನೆಗೆ 1936ರಲ್ಲಿ ರಾಜ್ಯ ಸಂವಿಧಾನಕ್ಕೇ ತಿದ್ದುಪಡಿ ತಂದು ಈ ಅಧಿಕಾರಕ್ಕೆ ಮಂಡಳಿಯೊಂದರ ಮೂಗುದಾರ ಹಾಕಲಾಯಿತು. ಮಂಡಳಿ ಶಿಫಾರಸು ಮಾಡದಿದ್ದರೆ ಗವರ್ನರ್ ತಾನಾಗಿ ಮಾಡಬಹುದಾದದ್ದು ಮರಣದಂಡನೆಯನ್ನು ಒಮ್ಮೆ 30 ದಿನ ಮುಂದೂಡುವುದಷ್ಟೇ.

ಜಾರ್ಜ್ ಡಬ್ಲ್ಯು. ಬುಷ್ 1995ರಲ್ಲಿ ಗವರ್ನರ್ ಆದಾಗಲೂ ಇದೇ ನಿಯಮ. ಅಧ್ಯಕ್ಷ ಪದವಿಗೆ ಹೊರಟುನಿಂತ 2000ರ ಡಿಸೆಂಬರಿನಲ್ಲಿ ಅವರು ತಮ್ಮ ಕಡತಗಳನ್ನು ಈ ಪತ್ರಾಗಾರಕ್ಕೆ ಬಿಡದೆ, ಕಾಲೇಜ್ ಸ್ಟೇಷನ್ನಿನಲ್ಲಿರುವ ತಂದೆಯ ಹೆಸರಿನ ಗ್ರಂಥಾಲಯಕ್ಕೆ ಕಳಿಸಿದರು. ಸುಮಾರು 1,800 ಪೆಟ್ಟಿಗೆ! ಬೇರೆ ಸಂಸ್ಥೆಯನ್ನು ಆರಿಸಿಕೊಳ್ಳಲು 1997ರ ಕಾನೂನೊಂದು ಅವಕಾಶ ಕೊಟ್ಟಿತ್ತು. ಆದರೆ ಆ ಗ್ರಂಥಾಲಯ ಕೇಂದ್ರ ಸರ್ಕಾರದ್ದು. ಹಾಗಾದರೆ ಟೆಕ್ಸಸ್‌ನ ಮಾಹಿತಿ ಕಾಯ್ದೆ ಅಲ್ಲಿ ನಡೆಯುತ್ತದೆಯೇ? ಗದ್ದಲವೆದ್ದಿತು. 2002ರ ಮೇ ತಿಂಗಳಲ್ಲಿ ರಾಜ್ಯದ ಅಟಾರ್ನಿ ಜನರಲ್ ಜಾನ್ ಕಾರ್ನಿನ್, ಬುಷ್ ಅವರ ಪಕ್ಷದವರೇ, ಕಾಗದ ಎಲ್ಲಿದ್ದರೂ ರಾಜ್ಯದ ಕಾಯ್ದೆಗೆ ಒಳಪಟ್ಟಿದ್ದೇ ಎಂದು ಅಭಿಪ್ರಾಯ ಕೊಟ್ಟರು. ಪೆಟ್ಟಿಗೆಗಳು ಆಸ್ಟಿನ್‌ಗೆ ವಾಪಸು ಬಂದವು.

ಈ ಹಗ್ಗಜಗ್ಗಾಟ ಯಾಕೆ ಮುಖ್ಯವೆಂಬುದು 2003ರಲ್ಲಿ ತಿಳಿಯಿತು. ಪತ್ರಕರ್ತ ಅಲನ್ ಬರ್ಲೊ ಮಾಹಿತಿ ಕಾಯ್ದೆಯಡಿ 57 ಟಿಪ್ಪಣಿಗಳನ್ನು ಪಡೆದು 'ಅಟ್ಲಾಂಟಿಕ್' ಪತ್ರಿಕೆಯಲ್ಲಿ ಬರೆದರು. ಮರಣದಂಡನೆಗೆ ಗುರಿಯಾದವರ ಬಗ್ಗೆ ಗವರ್ನರರ ಕಾನೂನು ಸಲಹೆಗಾರ ಆಲ್ಬರ್ಟೊ ಗೊನ್ಸಾಲೆಸ್ ಸಿದ್ಧಪಡಿಸಿದ ಟಿಪ್ಪಣಿಗಳವು. ಒಂದೊಂದೂ ಮೂರರಿಂದ ಏಳು ಪುಟ. ಸಾಮಾನ್ಯವಾಗಿ ಗವರ್ನರರ ಕೈಸೇರುತ್ತಿದ್ದದ್ದು ದಂಡನೆಯ ದಿನವೇ. ಒಂದರ ಮೇಲೆ 1997ರ ಮೇ 6ರ ತಾರೀಖಿದೆ. ಮೂರು ಪುಟ, ಕೆಳಗೆ ಬುಷ್ ಸಹಿ, 'ನಿರಾಕರಿಸಿದೆ' ಎಂಬರ್ಥದ ಪದದ ಪಕ್ಕ ದಪ್ಪನೆಯ ಕಪ್ಪು ಗುರುತು. ಆ ಕೈದಿ ಬೌದ್ಧಿಕ ನ್ಯೂನತೆಯಿದ್ದವನು, ವಯಸ್ಸು 33, ಸಂವಹನ ಸಾಮರ್ಥ್ಯ ಏಳು ವರ್ಷದ ಮಗುವಿನಷ್ಟು. ವಕೀಲರ ಮುಖ್ಯ ವಾದವೇ ಇದಾಗಿದ್ದರೂ ಟಿಪ್ಪಣಿ ಅದನ್ನು ಹೆಚ್ಚುಕಮ್ಮಿ ಮುಟ್ಟಿಯೇ ಇರಲಿಲ್ಲ. ಪ್ರತಿ ಪ್ರಕರಣವನ್ನೂ ಆಮೂಲಾಗ್ರ ಪರಿಶೀಲಿಸುತ್ತೇನೆಂದು ಬುಷ್ 1999ರ ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿದ್ದರು. ಅವರ ಕಾಲದಲ್ಲಿ ಗಲ್ಲಿಗೇರಿದವರಲ್ಲ, ವಿಷದ ಚುಚ್ಚುಮದ್ದಿಗೆ ಒಳಗಾದವರು, 152 ಮಂದಿ. ಜೀವಾವಧಿಗೆ ಇಳಿದದ್ದು ಒಬ್ಬನ ಶಿಕ್ಷೆ ಮಾತ್ರ.

ಗೊನ್ಸಾಲೆಸ್ 2005ರಲ್ಲಿ ಇಡೀ ಅಮೆರಿಕದ ಅಟಾರ್ನಿ ಜನರಲ್ ಆದರು. ಅಷ್ಟು ಹೊತ್ತಿಗೆ ಅವರ ಟಿಪ್ಪಣಿಗಳನ್ನು ದೇಶವೇ ಓದಿಯಾಗಿತ್ತು.