ಪರದೇಶದಲ್ಲಿ ನಮ್ಮ ಹಾಡು ಏಕೆ ಕೇಳಿಸದು?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹೋದಾಗ ತಂದೆತಾಯಂದಿರು ಕೇಳುವ ಪ್ರಶ್ನೆಯಿದು. ಕೊಲ್ಲಿಯಲ್ಲಿ ದುಡಿಯುವ ಮಗ ಊರಿನಲ್ಲಿ ಕೇಳುತ್ತಿದ್ದ ಹಾಡನ್ನು ಅಲ್ಲಿ ಒತ್ತಿದರೆ 'ನಿಮ್ಮ ದೇಶದಲ್ಲಿ ಲಭ್ಯವಿಲ್ಲ' ಎಂದು ಬರುತ್ತದೆ. 'ವಿಪಿಎನ್ ಹಾಕಿಕೋ' ಎಂದು ಕೋಣೆಯ ಗೆಳೆಯರ ಸಲಹೆ. ಹಾಕಿಕೊಳ್ಳಬಹುದೇ ಫಾದರ್?

ಪ್ರಿಯ ಓದುಗರೇ, ದೋಷ ಫೋನಿನದ್ದಲ್ಲ. ಹಾಡಿನ ಹಕ್ಕನ್ನು ಕಂಪೆನಿಗಳು ದೇಶ ದೇಶಕ್ಕೆ ಬೇರೆ ಬೇರೆಯಾಗಿ ಮಾರುತ್ತವೆ. ಕ್ಯಾಸೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಒಯ್ದರೆ ಯಾರೂ ತಡೆಯುತ್ತಿರಲಿಲ್ಲ. ಅಂತರ್ಜಾಲದಲ್ಲಿ ಮಾತ್ರ ನಮ್ಮ ಐಪಿ ವಿಳಾಸ ನಾವಿರುವ ದೇಶವನ್ನು ಹೇಳಿಬಿಡುತ್ತದೆ. ಹಕ್ಕಿನ ತೊಡಕಿನಿಂದಲೇ ಅಮೆರಿಕದ ಪಂಡೋರಾ 2007ರಲ್ಲಿ ಹೊರದೇಶದವರಿಗೆ ಬಾಗಿಲು ಹಾಕಿತು. 2008ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ.

ವಿಪಿಎನ್ ನಮ್ಮ ಸಂಪರ್ಕವನ್ನು ಬೇರೆ ದೇಶದ ಕಂಪ್ಯೂಟರಿನ ಮೂಲಕ ಸುತ್ತಿಸಿ, ನಾವು ಅಲ್ಲಿರುವಂತೆ ತೋರಿಸುತ್ತದೆ. ಭಾರತದಲ್ಲಿ ಅದಕ್ಕೆ ನಿಷೇಧವಿಲ್ಲ. ಆದರೆ 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶದಂತೆ ವಿಪಿಎನ್ ಸಂಸ್ಥೆಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು. ಕೊಲ್ಲಿಯ ಮಾತು ಬೇರೆ. ಯುಎಇಯ 2021ರ 34ನೇ ಕಾನೂನಿನಂತೆ, ಅಪರಾಧ ಮಾಡಲು ಅಥವಾ ಅದನ್ನು ಮರೆಮಾಚಲು ಐಪಿ ವಿಳಾಸ ಬದಲಿಸಿದವರಿಗೆ ಸೆರೆವಾಸ, 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ, ಅಥವಾ ಎರಡೂ ಆಗಬಹುದು. ಹಾಡು ಕೇಳಿದ್ದಕ್ಕೆ ಹಿಡಿಯುತ್ತಾರೆಂದು ಹೆದರಿಸುತ್ತಿಲ್ಲ, ಆದರೂ ಸಾಲ ಮಾಡಿ ವೀಸಾ ಪಡೆದ ಹುಡುಗನಿಗೆ ಆ ಸಲಹೆಯನ್ನು ನಾನಂತೂ ಕೊಡಲಾರೆ. ಬಿಟ್ಟಿ ವಿಪಿಎನ್‌ಗಳಂತೂ ನಮ್ಮ ಮಾಹಿತಿಯನ್ನೇ ಮಾರಿಕೊಂಡು ಬದುಕುವುದುಂಟು.

ನೇರ ದಾರಿಗಳೂ ಇವೆ. ಭಾರತದಲ್ಲಿ ತೆರೆದ ಸ್ಪಾಟಿಫೈ ಉಚಿತ ಖಾತೆ ಹೊರದೇಶದಲ್ಲಿ 14 ದಿನ ಮಾತ್ರ ನಡೆಯುತ್ತದೆ. ಹಣ ಕಟ್ಟಿದ ಖಾತೆಗೆ ಆ ಮಿತಿಯಿಲ್ಲ. ಅದರಲ್ಲಿ ಹಾಡುಗಳನ್ನು ಇಳಿಸಿಕೊಂಡೂ ಹೋಗಬಹುದು, 30 ದಿನಕ್ಕೊಮ್ಮೆ ಅಂತರ್ಜಾಲಕ್ಕೆ ಬಂದರಾಯಿತು. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಆಕಾಶವಾಣಿಯ ಕನ್ನಡ ಪ್ರಸಾರವೂ ಸಿಗುತ್ತದೆ.

ಗಾಯನ ಮಂಡಳಿಯವರಿಗೆ ಇನ್ನೊಂದು ಮಾತು. ಧರ್ಮಕೇಂದ್ರದ ಭಕ್ತಿಗೀತೆಗಳನ್ನು ವಿತರಕರಿಗೆ ಒಪ್ಪಿಸುವಾಗ ಯಾವ ಯಾವ ದೇಶಗಳಿಗೆ ಎಂದು ಅರ್ಜಿಯಲ್ಲಿ ಕೇಳುತ್ತಾರೆ. 'ಭಾರತ' ಎಂದಷ್ಟೇ ಗುರುತು ಹಾಕಿದರೆ ನಮ್ಮ ಹಾಡು ನಮ್ಮ ಮಕ್ಕಳಿಗೇ ಮುಚ್ಚಿಹೋಗುತ್ತದೆ. ಗೀತೆ ಬರೆದವರ, ರಾಗ ಹಾಕಿದವರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆದು 'ಎಲ್ಲಾ ದೇಶಗಳು' ಎಂದು ಗುರುತಿಸಿ. ಈಗಾಗಲೇ ಕೊಟ್ಟಿದ್ದರೆ ಕರಾರು ಪತ್ರ ತೆಗೆದು ನೋಡಿ, ತಿದ್ದಿಸಿಕೊಳ್ಳಲು ವಿತರಕರನ್ನು ಕೇಳಿ.