ಮನೆಯಲ್ಲಿ ಕಟ್ಟಿದ ಕಾರಿಗೆ ಕೈಬ್ರೇಕು

ಬೆಂಗಳೂರು ಗ್ರಾಮಾಂತರ ಜಿಲ್ಲೆ ಬಯಲುಸೀಮೆಯೆಂದು ಹೆಸರಾದರೂ ಸಮತಟ್ಟಾದ ನೆಲವೇನಲ್ಲ. ದೊಡ್ಡಬಳ್ಳಾಪುರದಿಂದ ನಂದಿಯ ಕಡೆಗೋ, ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬುಡಕ್ಕೋ ಹೋಗಿಬಂದವರು ಇದನ್ನು ಬಲ್ಲರು. ಇಳಿಜಾರಿನಲ್ಲಿ ನಿಲ್ಲಿಸಿದ ವಾಹನ ತಾನಾಗಿ ಹೊರಟರೆ ತಡೆಯಲು ಒಳಗೆ ಯಾರೂ ಇರುವುದಿಲ್ಲ; ಅದರ ದಾರಿಯಲ್ಲಿ ಆಡುವ ಮಕ್ಕಳಿರಬಹುದು. ಎತ್ತಿನ ಗಾಡಿಯವರು ಇಂಥ ಕಡೆ ನೊಗ ಬಿಚ್ಚುವ ಮೊದಲೇ ಗಾಲಿಗೆ ಕಲ್ಲು ಕೊಡುತ್ತಿದ್ದರು. ಮೋಟಾರು ಕಾರಿನಲ್ಲಿ ಆ ಕಲ್ಲಿನ ಕೆಲಸವನ್ನು ಮಾಡತಕ್ಕದ್ದು ಕೈಬ್ರೇಕು.

ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಇದು ಇದ್ದೇ ಇರುತ್ತದೆ. ಆದರೆ ಹಳೆಯ ಜೀಪಿನ ಚೌಕಟ್ಟನ್ನು ತಂದು, ಬೇರೆ ಕಾರಿನ ಗಾಲಿಗಳನ್ನು ಜೋಡಿಸಿ, ತಮ್ಮ ಕಾರನ್ನು ತಾವೇ ಕಟ್ಟುವ ಹವ್ಯಾಸಿಗಳು ಎಂಜಿನ್ನಿಗೆ ಕೊಡುವ ಗಮನವನ್ನು ಇದಕ್ಕೆ ಕೊಡುವುದಿಲ್ಲ. ಕಾಲಿನ ಬ್ರೇಕು ಚೆನ್ನಾಗಿದೆಯಲ್ಲ, ಅದರ ಎಣ್ಣೆಯ ನಳಿಗೆಗೆ ಒಂದು ಬೀಗದ ಕವಾಟವನ್ನು ಹಾಕಿ ಒತ್ತಡವನ್ನು ಹಿಡಿದಿಟ್ಟರೆ ಸಾಲದೆ ಎಂದು ಕೇಳುವವರುಂಟು. ಸಾಲದು. ಬಿಸಿಯಾದ ಎಣ್ಣೆ ರಾತ್ರಿ ತಣಿದು ಕುಗ್ಗುತ್ತದೆ. ರಬ್ಬರಿನ ಬಿಲ್ಲೆಗಳ ಸಂದಿನಲ್ಲಿ ಹನಿಹನಿಯಾಗಿ ಜಿನುಗಲೂಬಹುದು. ಸಂಜೆ ಭದ್ರವಾಗಿದ್ದ ಕಾರು ಬೆಳಗಿನ ಜಾವ ಸಡಿಲವಾಗುತ್ತದೆ. ಆದುದರಿಂದ ಕೈಬ್ರೇಕಿನ ಬಿಗಿತ ಎಣ್ಣೆಯನ್ನು ನಂಬಬಾರದು. ಲೋಹದಿಂದ ಲೋಹಕ್ಕೆ ನೇರವಾಗಿ ಹೋಗಬೇಕು.

ಇದರ ರಚನೆ ಸರಳವಾದುದು. ಕೈಯಲ್ಲಿ ಎಳೆಯುವ ಸನ್ನೆಕೋಲು. ಎಳೆದದ್ದು ಹಿಂದಕ್ಕೆ ಜಾರದಂತೆ ಹಿಡಿಯುವ ಹಲ್ಲುಪಟ್ಟಿ ಮತ್ತು ಕೊಕ್ಕೆ. ಅಲ್ಲಿಂದ ಹಿಂಬದಿಗೆ ಹೋಗುವ ಉಕ್ಕಿನ ಕೇಬಲ್ಲು. ಎಡಬಲ ಗಾಲಿಗಳಿಗೆ ಎಳೆತವನ್ನು ಸಮನಾಗಿ ಹಂಚುವ ಅಡ್ಡಪಟ್ಟಿ. ಕೊನೆಗೆ, ಡ್ರಮ್ಮಿನೊಳಗೆ ಷೂಗಳನ್ನು ಅಗಲಿಸುವ ಸಣ್ಣ ಸನ್ನೆ. ಹಿಂದೆ ಡಿಸ್ಕ್ ಬ್ರೇಕಿದ್ದರೆ ಕೇಬಲ್ಲಿನಿಂದಲೂ ಒತ್ತಬಲ್ಲ ಕ್ಯಾಲಿಪರನ್ನೇ ಆರಿಸಿಕೊಳ್ಳಬೇಕು.

ಸನ್ನೆಕೋಲು ಏಕೆ ಬೇಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 800 ಕಿಲೋಗ್ರಾಂ ತೂಕದ ಕಾರು, 5 ಮೀಟರು ನಡೆದರೆ 1 ಮೀಟರು ಇಳಿಯುವ ರಸ್ತೆಯಲ್ಲಿ ನಿಂತಿದೆಯೆನ್ನಿ. ಅದನ್ನು ಕೆಳಗೆ ಎಳೆಯುವ ಬಲ ತೂಕದ ಐದನೆಯ ಒಂದು ಪಾಲು, ಎಂದರೆ 160 ಕಿಲೋಗ್ರಾಂ ಭಾರದಷ್ಟು. ಡ್ರಮ್ಮು ಗಾಲಿಗಿಂತ ಚಿಕ್ಕದಾದುದರಿಂದ ಅದರ ಮೇಲೆ ಬೇಕಾದ ಹಿಡಿತ ಇದಕ್ಕೂ ಎರಡು ಮೂರು ಪಟ್ಟು ಹೆಚ್ಚು. ಕೈ ಎಳೆಯುವುದು 30 ಕಿಲೋಗ್ರಾಂ ಮಾತ್ರ. ಸನ್ನೆಕೋಲಿನ ಉದ್ದದ ತೋಳು ಗಿಡ್ಡ ತೋಳಿನ ಆರು ಪಟ್ಟಿದ್ದರೆ ಅದು ಕೇಬಲ್ಲಿನಲ್ಲಿ 180 ಆಗುತ್ತದೆ. ಡ್ರಮ್ಮಿನೊಳಗಿನ ಸನ್ನೆ ಅದನ್ನು ಮತ್ತೆ ಹೆಚ್ಚಿಸುತ್ತದೆ.

ಇಷ್ಟು ಎಳೆತ ಬೀಳುವುದರಿಂದ ಸನ್ನೆಕೋಲನ್ನು ತೆಳುತಗಡಿನ ನೆಲಕ್ಕೆ ಕೂರಿಸಕೂಡದು. ತಗಡು ಬಾಗಿದರೆ ಕೈಯ ಶ್ರಮವೆಲ್ಲ ಅಲ್ಲಿಯೇ ವ್ಯರ್ಥ. ಚೌಕಟ್ಟಿಗೇ ಬೋಲ್ಟು ಹಾಕಬೇಕು. ಕೇಬಲ್ಲು ಚೂಪಾಗಿ ಮಡಿಯಬಾರದು, ಹೊಗೆಕೊಳವೆಯ ಹತ್ತಿರ ಹಾಯಬಾರದು. ಹಳ್ಳದಿಣ್ಣೆಗಳಲ್ಲಿ ಗಾಲಿ ಏರಿಳಿದಾಗ ತಾನಾಗಿ ಬಿಗಿಯದಷ್ಟು ಸಡಿಲವಿರಬೇಕು. ಮೊದಲು ಷೂಗಳನ್ನು ಸರಿಪಡಿಸಿ, ಆಮೇಲೆ ಕೇಬಲ್ಲನ್ನು ಬಿಗಿಯಿರಿ. ಈ ಕ್ರಮ ತಪ್ಪಿದರೆ ಸವೆದ ಷೂಗಳ ದೋಷವನ್ನು ಕೇಬಲ್ಲು ಮುಚ್ಚಿಡುತ್ತದೆ.

ಬಳಿಕ ಪರೀಕ್ಷೆ. ಹಿಂದಿನ ಗಾಲಿಗಳನ್ನು ನೆಲದಿಂದೆತ್ತಿ, ಬ್ರೇಕು ಬಿಟ್ಟಾಗ ಎರಡೂ ಸರಾಗವಾಗಿ ತಿರುಗುತ್ತವೆಯೆ, ಎಳೆದಾಗ ಎರಡೂ ಒಂದೇ ಸಮ ಹಿಡಿಯುತ್ತವೆಯೆ ನೋಡಿರಿ. ಅನಂತರ ಇಳಿಜಾರಿನಲ್ಲಿ, ಗಾಲಿಯಿಂದ ಗೇಣು ದೂರದಲ್ಲಿ ಕಲ್ಲಿಟ್ಟುಕೊಂಡು, ಕಾರಿನ ಮುಖ ಮೇಲಕ್ಕಿದ್ದಾಗ ಒಮ್ಮೆ, ಕೆಳಕ್ಕಿದ್ದಾಗ ಒಮ್ಮೆ ನಿಲ್ಲಿಸಿ ನೋಡಿರಿ. ಕಾರಿನ ಕೆಳಗಡೆಯಲ್ಲಿ ಯಾರೂ ನಿಲ್ಲಬಾರದು.

ಕಾನೂನನ್ನೂ ಮರೆಯುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಾಲಿನ ಬ್ರೇಕನ್ನೂ ನಿಲುಗಡೆಯ ಬ್ರೇಕನ್ನೂ ಬೇರೆಬೇರೆಯಾಗಿಯೇ ಹೆಸರಿಸುತ್ತವೆ. 1988ರ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿಯಾದ ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಆದುದರಿಂದ ಚೌಕಟ್ಟಿಗೆ ಕೈಹಾಕುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಕಾರನ್ನು ಕೊಂಡವರಿಗೂ ಒಂದು ಮಾತು. ಕೈಬ್ರೇಕನ್ನು ಎಳೆದಮೇಲೆ, ಮುಖ ಏರಿನ ಕಡೆಗಿದ್ದರೆ ಮೊದಲನೆಯ ಗೇರಿನಲ್ಲಿ, ಇಳಿಜಾರಿನ ಕಡೆಗಿದ್ದರೆ ಹಿಮ್ಮುಖ ಗೇರಿನಲ್ಲಿ ಕಾರನ್ನು ಬಿಡಿರಿ. ಕಡಿದಾದ ಕಡೆಯಲ್ಲಿ ಗಾಲಿಗೊಂದು ಕಲ್ಲನ್ನೂ ಕೊಡಿರಿ; ಕೈಬ್ರೇಕು ಬಂದಿತೆಂದು ಗಾಡಿಯವರ ಆ ಹಳೆಯ ಎಚ್ಚರವನ್ನು ಬಿಡಬೇಕಾಗಿಲ್ಲ.